ಹಳೇ ಕಾರಿಗೆ ಎಸಿ ಅಂದ್ರ ಮುದುಕಿಗೆ ಮೂಗುತಿ ಅಂತೀರಲ್ಲ

ಅಕ್ಕಾರ, ತಂಗೇರ, ಹೋದ ಸಲ ಬರದ ಉಪ್ಪಿನಕಾಯಿ ಮಾತಿಗೆ ನೀವು ಫೋನ್ ಮ್ಯಾಲೆ ಫೋನ್ ಮಾಡಿದ್ರಿ, ಭಾಳ ಖುಷಿ ಆತು. ಈ ಸಲ ಅಡಗಿ ಮಾತಿಲ್ಲ. ಈ ಸಲ ನಾ ಜಗಳಕ್ಕ ನಿಂತೀನಿ, ಜಗಳ ಕಾರಿನ ಎಸಿ ಸಲುವಾಗಿ. "ನಮಗ್ಯಾಕ ಬೇಕ್ರಿ ಗಂಡಸರ ಗ್ಯಾರೇಜಿನ ಮಾತು" ಅಂತ ಫೋನ್ ಕೆಳಗ ಇಡಬ್ಯಾಡ್ರಿ. ಕಾರಿನ ಹಿಂದಿನ ಸೀಟಿನ್ಯಾಗ ಕೂಡೋರು ನಾವೇ, ಅದಕ್ಕ ಈ ಮಾತೂ ನಮ್ಮದೇ.

ಕಂಪನಿಯಿಂದ ಎಸಿ ಇಲ್ಲದ ಬಂದ ಸಣ್ಣ ಕಾರಿಗೆ ಆಮ್ಯಾಲೆ ಎಸಿ ಕೂಡಿಸೂದು ಹುಚ್ಚತನ ಅನ್ನೂದು ನಮ್ಮ ಕಡೆ ಗಂಡಸರ ಖಾಯಂ ಮಾತು. ಬೇಕಾರ ಕೇಳಿ ನೋಡ್ರಿ. ಒಬ್ಬಾಂವ ಎಂಜಿನ್ ಕೂತು ಹೋಗ್ತದ ಅಂತಾನ. ಇನ್ನೊಬ್ಬಾಂವ ಮೈಲೇಜ್ ಬೀಳ್ತದ ಅಂತಾನ. ಮತ್ತೊಬ್ಬಾಂವ "ಕಾರಿನ ಕಿಮ್ಮತ್ತೇ ಒಂದು ಲಕ್ಷ ಇಲ್ಲ, ಅದಕ್ಕ ಮೂವತ್ತು ಸಾವಿರದ ಎಸಿ ಯಾರರೆ ಹಾಕಿಸ್ತಾರೇನು?" ಅಂತಾನ. ನಮ್ಮ ಭಾವನವರಂತೂ ತುಂಬಿದ ಪಂಕ್ತಿಯೊಳಗ ಕೂತು "ಹಳೇ ಕಾರಿಗೆ ಎಸಿ ಅಂದ್ರ ಮುದುಕಿಗೆ ಮೂಗುತಿ ಹಾಕಿದಂಗ" ಅಂದು ಎಲ್ಲಾರನ್ನೂ ನಗಿಸಿದ್ರು. ನನ್ನ ಕೈಯಾಗ ಸಾರಿನ ಬಕೀಟು ಇತ್ತು, ಸುಮ್ಕ ಮುಂದಿನ ಎಲಿಗೆ ಹೋದೆ. ಈಗ ಕೈ ಖಾಲಿ ಅದ.

ಮೊದಲು ಆ ಮೂಗುತಿ ಮಾತೇ ತೊಗೊಳ್ರಿ. ನಮ್ಮ ಕಡೆ ಯಾವ ಮುದುಕಿ ವಯಸ್ಸಾತು ಅಂತ ಮೂಗುತಿ ಬಿಚ್ಚಿ ಇಟ್ಟಾಳ? ನಮ್ಮ ಅತ್ತಿಯವರಿಗೆ 76 ವರ್ಷ. ಅವರ ಮೂಗಿನ್ಯಾಗ ಮೂಗುತಿ ಇನ್ನೂ ಹಂಗೇ ಅದ. ಹಳೇದಾತು ಅಂತ ಅದರ ಮ್ಯಾಲೆ ರೊಕ್ಕ ಹಾಕಬಾರದು ಅನ್ನೂ ಲೆಕ್ಕ ಮನಿಶ್ಯಾರಿಗೂ ಹಚ್ಚಲಿಕ್ಕೆ ಹೋದ್ರ ಅದು ಎಲ್ಲಿಗೆ ಹೋಗಿ ಮುಟ್ಟತದ ಅಂತ ಭಾವನವರು ವಿಚಾರ ಮಾಡಿಲ್ಲ. ಮಾಡಿದ್ದ್ರ ಆ ಮಾತು ಆಡ್ತಿರಲಿಲ್ಲ, ಅವರೂ ಆ ತಾಯಿ ಮಗನೇ.

ನಿಮಗೆಲ್ಲಾ ಗೊತ್ತದ, ಅತ್ತಿಯವರಿಗೆ ಕಿಡ್ನಿ ಎರಡೂ ಕೈಕೊಟ್ಟು ಎರಡು ವರ್ಷ ಆತು. ವಾರಕ್ಕ ಎರಡು ಸಲ, ಮಂಗಳವಾರ, ಶುಕ್ರವಾರ, ಡಯಾಲಿಸಿಸ್. ನಮ್ಮೂರಿಂದ ವಿಜಯಪುರಕ್ಕ 55 ಕಿಲೋಮೀಟರ್. ಮುಂಜಾನೆ ಹೋಗೂದು ಸಸಾರ, ಹೊತ್ತು ಏರೂದ್ರಾಗ ಮುಟ್ಟಿರ್ತೀವಿ. ಮಷಿನ್ನಿಗೆ ಹಚ್ಚಿದ್ರಂದ್ರ ನಾಲ್ಕು ತಾಸು. ಸೂಜಿ ತಗದು, ರಕ್ತ ನಿಲ್ಲೂತನಕ ಒತ್ತಿ ಹಿಡಿದು, ಬಿಪಿ ನೋಡಿ, ಹೊರಗ ಕರಕೊಂಡು ಬರೂದ್ರಾಗ ಮಧ್ಯಾಹ್ನ ಎರಡು. ಮೇ ತಿಂಗಳದಾಗ ವಿಜಯಪುರದಾಗ ಮಧ್ಯಾಹ್ನ ಎರಡು ಅಂದ್ರ ಏನು ಅಂತ ನಿಮಗ ನಾ ಹೇಳಬೇಕಾಗಿಲ್ಲ. 42, 43 ಡಿಗ್ರಿ ಅಂತ ಪೇಪರಿನ್ಯಾಗ ಬರ್ತದ, ಅದೂ ನೆರಳಿನ್ಯಾಗಿನ ಲೆಕ್ಕ. ಬಿಸಲಾಗ ನಿಂತ ಕಾರಿನ ಒಳಗ ಅದಕ್ಕಿಂತ ಎಷ್ಟೋ ಹೆಚ್ಚು. ಸೀಟಿಗೆ ಕೈ ಹಚ್ಚಿದ್ರ ಬಿಸಿ ಹಂಚಿಗೆ ಹಚ್ಚಿದಂಗ ಆಗ್ತದ.

ಇನ್ನ ಗಂಡಸರ ದೊಡ್ಡ ಉಪಾಯ ಕೇಳ್ರಿ. "ಕಿಟಕಿ ತಗೀರಿ, ಗಾಳಿ ಬರ್ತದ." ಗಾಳಿ ಬರ್ತದ, ಖರೆ. ಎಂಥಾ ಗಾಳಿ? ನಮ್ಮ ಮೈ ತೊಗಲು ಸುಮಾರು 34, 35 ಡಿಗ್ರಿ ಇರ್ತದ. ಅದಕ್ಕಿಂತ ತಂಪು ಇದ್ದ ಗಾಳಿ ಬಡದ್ರ ಮೈ ತಣ್ಣಗಾಗ್ತದ. 43 ಡಿಗ್ರಿ ಗಾಳಿ ಬಡದ್ರ ಮೈ ಮತ್ತಷ್ಟು ಕಾಯ್ತದ. ಪುಟಾಣಿ ಹುರಿಯೋರ ಭಟ್ಟಿ ಮುಂದ ಹೋಗಿ ಬೀಸಣಿಕಿ ಬೀಸಿಕೊಂಡ್ರ ಏನಾದೀತು, ಹಂಗ. ಅಂಥಾ ಗಾಳ್ಯಾಗ ಮೈ ತಣ್ಣಗಾಗೂದು ಒಂದೇ ದಾರಿಯಿಂದ, ಬೆವರು ಬಂದು ಅದು ಆರಬೇಕು. ಬೆವರು ಬರಬೇಕಂದ್ರ ನೀರು ಕುಡೀಬೇಕು. ನಮ್ಮ ಅತ್ತಿಯವರಿಗೆ ಡಾಕ್ಟರು ಇಡೀ ದಿನಕ್ಕ ಒಂದು ಲೀಟರ್ ಅಳತಿ ಹಾಕಿ ಕೊಟ್ಟಾರ. ಚಾ, ಸಾರು, ಮಜ್ಜಿಗಿ, ಗುಳಿಗಿ ನುಂಗೂ ನೀರು ಎಲ್ಲಾ ಅದರಾಗೇ ಬರಬೇಕು. ಕುಡದ ನೀರು ಹೊರಗ ಹೋಗ್ಲಿಕ್ಕೆ ಕಿಡ್ನಿ ಇಲ್ಲ, ಹೆಚ್ಚಾದ್ರ ಎದಿಗೆ ಏರಿ ಉಸಿರು ಕಟ್ಟತದ. ನಾ ಮುಂಜಾನೆ ಬಾಟ್ಲಿಗೆ ಗೆರಿ ಹಾಕಿ ಇಡ್ತೀನಿ. ನಾವೆಲ್ಲಾ ಹಾದ್ಯಾಗ ಗಟಗಟ ನೀರು ಕುಡೀತೀವಿ, ಅವರು ಒಂದು ಗುಟುಕು ಬಾಯಾಗ ಇಟ್ಟುಕೊಂಡು ಕೂಡ್ತಾರ. ಮ್ಯಾಲೆ ಡಯಾಲಿಸಿಸ್ ಆದ ಮ್ಯಾಲೆ ಬಿಪಿ ಕೆಳಗ ಇಳದಿರ್ತದ, ಸೆಕಿಗೆ ಮತ್ತಷ್ಟು ಇಳೀತದ. ಇಂಥವರಿಗೆ ಕಿಟಕಿ ತಗದ್ರ ಆತು ಅನ್ನೂದು ಯಾವ ನ್ಯಾಯ?

ಮತ್ತ ಅದು ಯಾವ ಕಿಟಕಿ? ನಮ್ಮ ಕಾರಿನ ಹಿಂದಿನ ಕಾಜು ಅರ್ಧಕ್ಕ ಇಳದು ನಿಂತುಬಿಡ್ತದ. ಪೂರ್ತಿ ಇಳಿಯೂದು ಮುಂದಿನವು. ಸ್ಟೇರಿಂಗ್ ಹಿಡದವರಿಗೆ ತೋಳು ಹೊರಗ ಹಾಕಿಕೊಂಡು ಆರಾಮ ಗಾಳಿ, ಆ ಗಾಳ್ಯಾಗಿನ ಧೂಳಿ, ಟ್ರಕ್ಕಿನ ಹೊಗಿ ಎಲ್ಲಾ ಬಂದು ಬಡಿಯೂದು ಹಿಂದ ಕೂತವರ ಮುಖಕ್ಕ. ಒದ್ದಿ ಟವೆಲ್ ಕಟ್ಟಿ ನೋಡೀವಿ. ಅರ್ಧ ತಾಸಿನ್ಯಾಗ ಒಣಗಿ ಹಪ್ಪಳ. ಒಂದು ಶುಕ್ರವಾರ ಅತ್ತಿಯವರು ನನ್ನ ತೊಡಿ ಮ್ಯಾಲೆ ಹಂಗೇ ವಾಲಿದ್ರು, ಕರದ್ರ ಮಾತಿಲ್ಲ. ಹಾದಿ ಬಾಜೂಕ ಬೇವಿನ ಗಿಡದ ಕೆಳಗ ಕಾರು ನಿಲ್ಲಿಸಿ, ಕಾಲು ಎತ್ತರ ಮಾಡಿ, ಮುಖಕ್ಕ ನೀರು ಹೊಡದು, ಹೊಳ್ಳಿ ದವಾಖಾನಿಗೆ ಓಡಿಸಿದ್ವಿ. ಉಳದ್ರು. ಅವತ್ತು ರಾತ್ರಿ ನಮ್ಮ ಮನಿಯವರಿಗೆ ಹೇಳಿದೆ: ಕಾರಿಗೆ ಎಸಿ ಕೂಡಸ್ರಿ, ಇಲ್ಲಾ ಕಾರು ಮಾರ್ರಿ.

ಈಗ ಎಂಜಿನ್ ಮಾತಿಗೆ ಬರೋಣು. "ಸಣ್ಣ ಎಂಜಿನ್, ಎಸಿ ಎಳಿಯೂದಿಲ್ಲ." ಇದಕ್ಕ ನಾ ಒಂದೇ ಪ್ರಶ್ನೆ ಕೇಳ್ತೀನಿ. 1983ರ ಡಿಸೆಂಬರದಾಗ ಹೊರಗ ಬಂದ ಮಾರುತಿ 800 ನೆನಪದ ಅಲ್ಲ? ಅದರಾಗ ಎಸಿ ಇಲ್ಲದ ಸ್ಟ್ಯಾಂಡರ್ಡ್ ಬ್ಯಾರೆ, ಎಸಿ ಇದ್ದದ್ದು ಬ್ಯಾರೆ, ಎರಡೂ ಒಂದೇ ಅಂಗಡ್ಯಾಗ ಮಾರ್ತಿದ್ರು. ಎಂಜಿನ್ ಎರಡಕ್ಕೂ ಒಂದೇ, 796 ಸಿಸಿ. ಬೆಂಗಳೂರಾಗ ಸಾಹೇಬರ ಹೆಂಡತಿ ಕೂತಾಗ ಎಸಿ ಎಳಿಯೋ ಎಂಜಿನ್, ನಮ್ಮೂರಾಗ ನಮ್ಮ ಅತ್ತಿ ಕೂತಾಗ ಯಾಕ ಎಳಿಯೂದಿಲ್ಲ? ಹೋಗ್ಲಿ, 2009ರಾಗ ಟಾಟಾದವರು ನ್ಯಾನೋ ತಂದ್ರು. ಎಂಜಿನ್ 624 ಸಿಸಿ, ಎರಡೇ ಸಿಲಿಂಡರ್. ಎಲ್ಲಾಕ್ಕಿಂತ ಕಮ್ಮಿ ಬೆಲಿದಕ್ಕ ಎಸಿ ಇಲ್ಲ, ಮ್ಯಾಲಿನವಕ್ಕ ಎಸಿ. ಅಂದ್ರ ಇದು ಎಂಜಿನ್ನಿನ ತಾಕತ್ತಿನ ಮಾತಲ್ಲ, ಕಿಸೆದ ತಾಕತ್ತಿನ ಮಾತು. ಸೆಕಿ ಎಲ್ಲಾರಿಗೂ ಒಂದೇ, ತಂಪು ಮಾತ್ರ ಟಾಪ್ ಮಾಡಲ್ ತೊಗೊಂಡವರಿಗೆ. ಬೇಸ್ ಮಾಡಲ್ ಅಂತ ಹೆಸರಿಟ್ಟು ಬಿಸಿಲು ನಾಡಿನ ಮಂದಿಗೆ ಎಸಿ ತಗದು ಕಾರು ಮಾರಿದ್ರು, ನಾವೂ "ಇಪ್ಪತ್ತೈದು ಸಾವಿರ ಉಳೀತು" ಅಂತ ಪೇಢೆ ಹಂಚಿದ್ವಿ.

ಸರಕಾರಕ್ಕೂ ಈಗ ತಿಳದದ. ಹೊಸದಾಗಿ ತಯಾರಾಗೂ ಮಧ್ಯಮ ಮತ್ತ ದೊಡ್ಡ ಟ್ರಕ್ಕುಗಳಿಗೆ ಡ್ರೈವರ್ ಕ್ಯಾಬಿನ್ನಿನ್ಯಾಗ ಎಸಿ ಇರಲೇಬೇಕು ಅಂತ ಕೇಂದ್ರ ಸರಕಾರ ಕಾಯದೆ ಮಾಡ್ಯದ. ಟ್ರಕ್ ಹೊಡಿಯೋ ಅಣ್ಣಗ ಎಸಿ ಬೇಕು ಅಂತ ಒಪ್ಪಿದ್ರ ಅದು ಶೋಕಿ ಅಲ್ಲ, ಅವನ ಜೀವದ ಮಾತು. ಭಾಳ ಛಲೋ ಆತು. ಆದ್ರ ಟ್ರಕ್ಕಿನ ಹಿಂದ ಹೋಗೂ ಸಣ್ಣ ಕಾರಿನ ಹಿಂದಿನ ಸೀಟಿನ್ಯಾಗ ಕೂತ ಮುದುಕಿದು ಜೀವ ಅಲ್ಲೇನು?

ಅಂದಹಾಂಗ, ಆಮ್ಯಾಲೆ ಎಸಿ ಕೂಡಿಸೂದು ನಮ್ಮ ಗ್ಯಾರೇಜಿನವರ ಹೊಸಾ ಉದ್ಯೋಗ ಅಲ್ಲ. ಅಮೆರಿಕಾದಾಗ ಪ್ಯಾಕಾರ್ಡ್ ಅನ್ನೂ ಕಂಪನಿ 1940ರಾಗ ಮೊದಲ ಸಲ ಕಾರ್ಖಾನ್ಯಾಗೇ ಎಸಿ ಹಾಕಿ ಕಾರು ಮಾರ್ತಂತ. ಅದನ್ನ ಬಂದ್ ಮಾಡಬೇಕಂದ್ರ ಎಂಜಿನ್ ನಿಲ್ಲಿಸಿ, ಬಾನೆಟ್ ತಗದು, ಪಟ್ಟಾನೇ ಬಿಚ್ಚಬೇಕಾಗ್ತಿತ್ತಂತ! ಆಮ್ಯಾಲೆ ಟೆಕ್ಸಾಸ್ ಅನ್ನೂ ಬಿಸಿಲು ಸೀಮ್ಯಾಗ ಎಸಿ ಇಲ್ಲದ ಕಾರುಗಳಿಗೆ ಡ್ಯಾಶ್‌ಬೋರ್ಡ್ ಕೆಳಗ ಒಂದು ಪೆಟ್ಟಿಗಿ ತೂಗಹಾಕಿ ಎಸಿ ಕೂಡಿಸೂ ಅಂಗಡಿಗಳೇ ಎದ್ದವಂತ. ನಮ್ಮ ಮಗ ಓದಿ ಹೇಳಿದ್ದು. ಅಲ್ಲಿನವರಿಗೂ ಯಾರೋ ಭಾವನವರು ಮೂಗುತಿ ಮಾತು ಆಡಿರಬೇಕು, ಅವರು ಕಿವಿಗೆ ಹಾಕ್ಕೊಂಡಿಲ್ಲ.

ಇನ್ನ ರೊಕ್ಕದ ಲೆಕ್ಕ. ಇದರಾಗ ನಮ್ಮನ್ನ ಸೋಲಿಸ್ತೀವಿ ಅಂತ ಗಂಡಸರಿಗೆ ಭಾಳ ಭರವಸಿ. ಬರ್ರಿ ಕೂಡೋಣು. ನಮ್ಮ ಕಾರಿಗೆ ಎಲ್ಲಾ ಹೊಸಾ ಸಾಮಾನು ಹಾಕಿ, ಕೂಲಿ ಹಿಡದು, 34,000 ರೂಪಾಯಿ ಆತು. ಅದರಾಗ 20,000 ನನ್ನ ಭಿಶಿ ರೊಕ್ಕ. ಎಸಿ ಹಾಕೂ ಮೊದಲು ಲೀಟರಿಗೆ 17 ಕಿಲೋಮೀಟರ್ ಕೊಡ್ತಿತ್ತು, ಎಸಿ ಹಚ್ಚಿದ್ರ 15. ಹೋಗಿ ಬರೂದು 110 ಕಿಲೋಮೀಟರ್. ಹಿಂದ ಆರೂವರಿ ಲೀಟರ್ ಬೀಳ್ತಿತ್ತು, ಈಗ ಏಳು ಲೀಟರಿನ ಮ್ಯಾಲೆ ಸ್ವಲ್ಪ. ಒಂದು ಸಲಕ್ಕ ಹೆಚ್ಚು ಅಂದ್ರ 90 ರೂಪಾಯಿ ಪೆಟ್ರೋಲ್. ತೊಂಬತ್ತು! ನಮ್ಮ ಮೈದುನ ಒಂದು ದಿನಕ್ಕ ಗುಟಕಾ, ಸಿಗರೇಟಿಗೆ ಅದಕ್ಕಿಂತ ಹೆಚ್ಚು ಊದತಾನ, ಅದರ ಮೈಲೇಜ್ ಯಾರೂ ಕೇಳಿಲ್ಲ.

ಎಸಿ ಟ್ಯಾಕ್ಸಿ ಮಾಡ್ಕೊಂಡು ಹೋಗ್ರಿ ಅಂದವರೂ ಇದ್ದಾರ. ನಮ್ಮೂರಿನ ಟ್ಯಾಕ್ಸಿಯವ ದವಾಖಾನಿ ಮುಂದ ನಿಲ್ಲೂದು ಹಿಡದು 2,000 ಕೇಳಿದ. ಮಾರ್ಚದಿಂದ ಜೂನ್ ತನಕ ಹದಿನಾರು ವಾರ ಹಿಡೀರಿ, 32 ಸಲ. 64,000 ರೂಪಾಯಿ. ನಮ್ಮ ಕಾರಿನ್ಯಾಗ ಎಸಿ ಹಚ್ಚಿಕೊಂಡು ಅಷ್ಟೇ ಸಲ ಹೋಗಿ ಬಂದ್ರ ಪೆಟ್ರೋಲಿಗೆ ಸುಮಾರು 24,000. ಕಳದ್ರ 40,000 ಉಳೀತು. ಒಂದೇ ಬ್ಯಾಸಗ್ಯಾಗ ಎಸಿ ರೊಕ್ಕ ಹೊಳ್ಳಿ ಬಂದು ಮ್ಯಾಲೆ ಆರು ಸಾವಿರ. ನಾ ಪಿಯುಸಿ ಓದಿದಾಕಿ, ಕೂಡೂದು ಕಳಿಯೂದು ಬರ್ತದ.

"ಆದ್ರ ಕಾರು ಮಾರೂ ಮುಂದ ಆ 34,000 ಹೊಳ್ಳಿ ಸಿಗೂದಿಲ್ಲಲ್ಲ" ಅಂದ್ರು ನಮ್ಮ ಮನಿಯವರು. ಸಿಗೂದಿಲ್ಲ, ಒಪ್ಪಿದೆ. ನಾವು ಅತ್ತಿಯವರಿಗೆ ಕೊಡಿಸಿದ ಗುಳಿಗಿ ಖರ್ಚೂ ಹೊಳ್ಳಿ ಸಿಗೂದಿಲ್ಲ. ಮನ್ಯಾಗ ಫ್ರಿಜ್ ತಂದಾಗ ಮುಂದ ಎಷ್ಟಕ್ಕ ಹೋದೀತು ಅಂತ ಯಾರರೆ ಕೇಳಿದ್ರೇನು? ಟಿವಿ ತಂದಾಗ? ಕ್ರಿಕೆಟ್ ಸಲುವಾಗಿ ತಂದ ಆ ಗ್ವಾಡಿ ತುಂಬ ಟಿವಿ, ಅದಕ್ಕ ಎಷ್ಟು ಕೊಟ್ರಿ ಅಂತ ನಾ ಇಲ್ಲೆ ಬರಿಯೂದಿಲ್ಲ. ನನ್ನ ಅಡಗಿ ಮನಿಗೆ ಮಾತ್ರ, ಫ್ಯಾನ್ ಹಾಕಿದ್ರ ಗ್ಯಾಸ್ ಆರ್ತದ ಅಂತ ಇಪ್ಪತ್ತು ವರ್ಷ ಫ್ಯಾನ್ ಇರಲಿಲ್ಲ. ಹೊಗಿ ಹೊರಗ ಎಳಿಯೋ ಒಂದು ಸಣ್ಣ ಫ್ಯಾನ್ ಗ್ವಾಡ್ಯಾಗ ಕೂಡಿಸ್ರಿ, ಗ್ಯಾಸೂ ಆರೂದಿಲ್ಲ ಅಂತ ಯಾರಿಗೂ ಹೊಳೀಲಿಲ್ಲ. ಯಾಕಂದ್ರ ಒಲಿ ಮುಂದ ನಿಲ್ಲೋರು ಅವರಲ್ಲ. ಕಾರಿನ ಕಥಿನೂ ಇದೇ.

ಸರಿ, ಕೂಡಿಸೂದು ಅಂತ ಆತು. ಇಲ್ಲೆ ನಾ ನಿಮಗ ಸ್ವಲ್ಪ ತಿಳಿಸಿ ಹೇಳಬೇಕು, ಯಾಕಂದ್ರ ಎಂಜಿನ್ ಕೂತು ಹೋತು ಅನ್ನೋರ ಮಾತಿನ್ಯಾಗ ಒಂದು ಪಾಲು ಖರೆ ಅದ. ಅರ್ಧಂಬರ್ಧ ಕೆಲಸ ಮಾಡಿಸಿದವರ ಕಾರು ಕೂತಾವ. ಅದು ಎಸಿ ತಪ್ಪಲ್ಲ, ಅಗ್ಗದ ಮಿಸ್ತ್ರಿ ತಪ್ಪು.

ಕಾರಿನ ಎಸಿ ಅಂದ್ರ ಕಾರಿನ್ಯಾಗ ಕೂಡಿಸಿದ ಫ್ರಿಜ್ಜೇ. ಗಿರಣ್ಯಾಗ ಮೋಟಾರದಿಂದ ಕಲ್ಲಿಗೆ ಪಟ್ಟಾ ಇರ್ತದಲ್ಲ, ಹಂಗ ಎಂಜಿನ್ನಿನಿಂದ ಒಂದು ಪಟ್ಟಾ ಕಂಪ್ರೆಸರಿಗೆ ಹೋಗ್ತದ. ನಾವು ಬಟನ್ ಒತ್ತಿದ್ರ ಅಲ್ಲೊಂದು ಅಯಸ್ಕಾಂತದ ಕ್ಲಚ್ ಟಕ್ ಅಂತ ಹಿಡೀತದ, ಆವಾಗ ಅಷ್ಟೇ ಕಂಪ್ರೆಸರ್ ತಿರಗತದ. ಅದು ಗ್ಯಾಸ್ ಒತ್ತಿದ್ರ ಗ್ಯಾಸ್ ಕಾಯ್ತದ. ಕಾದ ಗ್ಯಾಸ್ ಮುಂದಿನ ಜಾಳಿಗಿಗೆ, ಅಂದ್ರ ಕಂಡೆನ್ಸರಿಗೆ ಹೋಗಿ, ಹೊರಗಿನ ಗಾಳಿಗೆ ಕಾವು ಕೊಟ್ಟು ನೀರಿನಂಗ ಆಗ್ತದ. ಒಂದು ಸಣ್ಣ ಬಾಟ್ಲ್ಯಾಗ ಸೋಸಿ, ಒಂದು ಸಣ್ಣ ಕಿಂಡ್ಯಾಗಿಂದ ಹೊರಗ ಬಿದ್ದ ಕೂಡಲೇ ಥಣ್ಣಗ ಕೊರೀತದ. ಆ ಥಂಡಿ ಬರೂದು ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲಿನ್ಯಾಗ. ಬ್ಲೋವರ್ ಅದರ ಮ್ಯಾಲೆ ಗಾಳಿ ಊದಿ ನಮ್ಮ ಕಡೆ ಕಳಸ್ತದ. ಐಸ್ ನೀರಿನ ಗ್ಲಾಸಿನ ಹೊರಗ ಹನಿ ಕೂಡ್ತದಲ್ಲ, ಹಂಗ ಆ ಕಾಯಿಲಿನ ಮ್ಯಾಲೂ ಹನಿ ಕೂಡ್ತದ, ಅದೇ ಕಾರಿನ ಕೆಳಗ ತಟಕ್ ತಟಕ್ ಅಂತ ಬೀಳೂ ನೀರು. ಅದನ್ನ ನೋಡಿ "ಕಾರು ಸೋರ್ತದ" ಅಂತ ಗಾಬರಿ ಆಗಬ್ಯಾಡ್ರಿ. ಸೋರಬೇಕು. ಸೋರಲಿಲ್ಲಂದ್ರ ಕೊಳವಿ ಕಟ್ಯದ ಅಂತ ತಿಳೀರಿ, ಕಾಲಾಗಿನ ಚಾಪಿ ಒದ್ದಿ ಆಗ್ತದ.

ಇದರಾಗ ಮೋಸ ಎಲ್ಲೆಲ್ಲೆ ಆಗ್ತದ ನೋಡ್ರಿ. ಆ ಕಂಡೆನ್ಸರ್ ಕೂಡೂದು ರೇಡಿಯೇಟರಿನ ಮುಂದ. ಅಂದ್ರ ರೇಡಿಯೇಟರಿಗೆ ಇನ್ನ ಮ್ಯಾಲೆ ತಾಜಾ ಗಾಳಿ ಬರೂದಿಲ್ಲ, ಕಾದ ಗಾಳಿ ಬರ್ತದ. ಅದಕ್ಕ ಇನ್ನೊಂದು ಫ್ಯಾನ್ ಬೇಕೇ ಬೇಕು. ಎರಡು ಸಾವಿರ ಉಳಸ್ಲಿಕ್ಕೆ ಆ ಫ್ಯಾನ್ ಬಿಡ್ತಾರ, ಆಮ್ಯಾಲೆ ಗಾಡಿ ಕುದ್ದು ನಿಂತ್ರ ಎಸಿಗೆ ಬೈತಾರ. ಸಿಗ್ನಲ್ಲಿನ್ಯಾಗ ನಿಂತಾಗ ಸಣ್ಣ ಎಂಜಿನ್ ನಡುಗಿ ಬಂದ್ ಬೀಳಬಾರದು ಅಂದ್ರ ಎಸಿ ಹಚ್ಚಿದಾಗ ಸ್ವಲ್ಪ ರೇಸ್ ಏರಸೂ ವ್ಯವಸ್ಥಾ ಬೇಕು, ಅದನ್ನೂ ಬಿಡ್ತಾರ. ವೈರಿಂಗಿಗೆ ಬ್ಯಾರೆ ರಿಲೇ, ಬ್ಯಾರೆ ಫ್ಯೂಸ್ ಹಾಕಬೇಕು. ಹೆಡ್‌ಲೈಟಿನ ವೈರಿಗೇ ಜೋಡಿಸಿ ಟೇಪ್ ಸುತ್ತಿದ್ರ ಅದು ಸುಟ್ಟೇ ಸುಡ್ತದ. ಬ್ಯಾಟರಿ, ಚಾರ್ಜ್ ಮಾಡೂ ಡೈನಮೋ ತಡೀತಾವೋ ಇಲ್ಲೋ ಮೊದಲೇ ನೋಡಬೇಕು.

ನಿಮ್ಮ ಮಾಡಲ್ಲಿಗೆ ಅದೇ ವರ್ಷ ಕಂಪನಿಯವರು ಎಸಿ ಇದ್ದದ್ದೂ ಮಾರಿದ್ರೇನು ಅಂತ ಮೊದಲು ಕೇಳ್ರಿ. ಮಾರಿದ್ರ ನಿಮ್ಮ ನಸೀಬು ಛಲೋ. ಕಂಪ್ರೆಸರ್ ಕೂಡೂ ಜಾಗ, ಬ್ರಾಕೆಟ್ಟು, ಪುಲ್ಲಿ, ಡ್ಯಾಶ್‌ಬೋರ್ಡಿನ್ಯಾಗ ಕಾಯಿಲ್ ಕೂಡೂ ಗೂಡು ಹೆಚ್ಚು ಕಡಿಮಿ ಎಲ್ಲಾ ತಯಾರಿರ್ತದ, ಅದೇ ಅಳತಿ ಸಾಮಾನು ಸಿಗ್ತಾವ. ಮಾರಿಲ್ಲಂದ್ರ ಕೊರಿಯೂದು, ವೆಲ್ಡಿಂಗ್ ಮಾಡೂದು ಬರ್ತದ, ಅಲ್ಲೆ ವಿಚಾರ ಮಾಡಿ ಕೈ ಹಾಕ್ರಿ.

ನಾವು ಮೊದಲು ಹೋದ ಗ್ಯಾರೇಜಿನವ 18,000ಕ್ಕ ಮಾಡಿಕೊಡ್ತೀನಿ ಅಂದ. ನಮ್ಮ ಮನಿಯವರ ಮುಖ ಅರಳ್ತು. ನಾ ಕೇಳಿದೆ, "ತಮ್ಮಾ, ಕಂಪ್ರೆಸರ್ ಹೊಸಾದೋ ಹಳೇದೋ?" ಗುಜರಿದು. "ಗ್ಯಾಸ್ ತುಂಬೂ ಮೊದಲು ವ್ಯಾಕ್ಯೂಮ್ ಹಿಡೀತಿಯೋ ಇಲ್ಲೋ?" ಅಂವ ನನ್ನ ಕಡೆ ನೋಡೇ ಇಲ್ಲ, ನಮ್ಮ ಮನಿಯವರ ಕಡೆ ನೋಡಿ "ಅದೆಲ್ಲಾ ಬೇಕಾಗೂದಿಲ್ಲ ಸಾಹೇಬ್ರ, ಗ್ಯಾಸ್ ಬಿಟ್ಟೇ ಗಾಳಿ ಹೊರಗ ಹಾಕ್ತೀನಿ" ಅಂದ. ಎದ್ದು ಬಂದ್ವಿ. ಯಾಕ ಅಂತ ಕೇಳ್ರಿ. ಕೊಳವ್ಯಾಗ ಗಾಳಿ, ಪಸಿ ಉಳದ್ರ ಗ್ಯಾಸಿನ ಜೋಡಿ, ಎಣ್ಣಿ ಜೋಡಿ ಕೂಡಿ ಒಳಗೇ ಹುಳಿಯಂಥಾ ಆ್ಯಸಿಡ್ ಆಗಿ ಕಂಪ್ರೆಸರ್ ತಿಂದು ಹಾಕ್ತದ. ನಾವು ಉಪ್ಪಿನಕಾಯಿ ಭರಣಿಗೆ ಒಂದು ಹನಿ ನೀರು ಮುಟ್ಟಗೊಡೂದಿಲ್ಲಲ್ಲ, ಅದೇ ಮಾತು. ಪಂಪ್ ಹಚ್ಚಿ ಕಮ್ಮಿ ಅಂದ್ರೂ ಅರ್ಧ ತಾಸು ಗಾಳಿ ಎಳೀಬೇಕು, ಎಲ್ಲೂ ಸೋರೂದಿಲ್ಲ ಅಂತ ನೋಡಬೇಕು, ಆಮ್ಯಾಲೆ ಗ್ಯಾಸು. ಗ್ಯಾಸೂ ಕಣ್ಣಳತಿ ಅಲ್ಲ, ತಕ್ಕಡಿ ಮ್ಯಾಲೆ ಡಬ್ಬಿ ಇಟ್ಟು ತೂಕ ಮಾಡಿ ತುಂಬಬೇಕು. ನಮ್ಮಂಥಾ ಸಣ್ಣ ಕಾರಿಗೆ ಅರ್ಧ ಕಿಲೋದ ಆಸುಪಾಸು. ಹೆಚ್ಚಾದ್ರೂ ತಂಪಾಗೂದಿಲ್ಲ, ಕಡಿಮಿ ಆದ್ರೂ ತಂಪಾಗೂದಿಲ್ಲ.

ಗ್ಯಾಸಿನ ಹೆಸರು ಕೇಳ್ರಿ: ಆರ್ 134ಎ. ಡಬ್ಬಿ ಮ್ಯಾಲೆ ಬರದಿರ್ತದ, ಓದಿಕೊಳ್ರಿ. ಹಳೇ ಕಾಲದ ಆರ್ 12 ಮ್ಯಾಲಿನ ಓಝೋನ್ ಪದರು ತಿಂತದ ಅಂತ ಬಂದ್ ಆಗ್ಯದ, ಎರಡಕ್ಕೂ ಎಣ್ಣಿ ಬ್ಯಾರೆ ಬ್ಯಾರೆ. ಕೆಲವು ಮಂದಿ ಅಗ್ಗ ಆಗ್ತದ ಅಂತ ಅಡಗಿ ಗ್ಯಾಸಿನ ಜಾತಿದೇ ತುಂಬ್ತಾರ. ತಂಪೇನೋ ಆಗ್ತದ. ಆದ್ರ ಕಾಯಿಲ್ ಸೋರಿದ್ರ ಅದು ಬರೂದು ನಾವು ಕೂತ ಜಾಗಕ್ಕ. ಸಿಲಿಂಡರ್ ವಾಸನಿ ಬಂದ್ರ ದೀಪ ಹಚ್ಚಬ್ಯಾಡ್ರಿ ಅಂತ ಮನ್ಯಾಗ ಹುಡುಗೂರಿಗೆ ಹೇಳೋರು ನಾವು. ಕಾರಿನ್ಯಾಗ ಅದನ್ನ ತುಂಬಿಸಿಕೊಂಡು ಬರಬೇಕೇನು?

ಎರಡನೇ ಗ್ಯಾರೇಜಿನ್ಯಾಗ ನಾ ಒಂದು ಸ್ಟೂಲ್ ತೊಗೊಂಡು ಕೂತೆ. "ಅಕ್ಕಾರ, ಎರಡು ದಿನದ ಕೆಲಸ ಅದ, ನೀವು ಮನಿಗೆ ಹೋಗ್ರಿ" ಅಂದ್ರು. ಮದಿವಿ ಮನ್ಯಾಗ ಭಟ್ಟಿ ಮುಂದ ಎರಡು ದಿನ ಕೂತೀನಿ, ಇಲ್ಲೂ ಕೂಡ್ತೀನಿ ಅಂದೆ. ಎರಡನೇ ದಿನ ಅವರೇ ಬಂದು ತಕ್ಕಡಿ ತೋರಿಸಿ ಹೋದ್ರು. ಬಿಲ್ಲಿನ್ಯಾಗ ಕಂಪ್ರೆಸರಿನ ನಂಬರ್ ಬರಸಿಕೊಂಡೀನಿ, ವಾರಂಟಿ ಒಂದು ವರ್ಷ. ಆ ಬಿಲ್ಲಿನ ಝೆರಾಕ್ಸ್ ಇನ್ಶೂರೆನ್ಸಿನವರಿಗೂ ಕೊಟ್ವಿ. ಕಂಪನಿಯಿಂದ ಬರದ ಕರೆಂಟ್ ಸಾಮಾನು ಹಾಕಿಸಿದ್ರ ಪಾಲಿಸ್ಯಾಗ ಬರಸಬೇಕು, ಅದರ ಕಿಮ್ಮತ್ತಿನ ಮ್ಯಾಲೆ ನೂರಕ್ಕ 4 ರೂಪಾಯಿ ಲೆಕ್ಕದಾಗ ಪ್ರೀಮಿಯಮ್ ಹೆಚ್ಚು. ನಮಗ 1,360 ಆತು, ಮ್ಯಾಲೆ ಟ್ಯಾಕ್ಸ್. ಬರಸದಿದ್ರ ನಾಳೆ ಏನರೆ ಆದಾಗ ಎಸಿಗೆ ಒಂದು ಪೈಸೆ ಸಿಗೂದಿಲ್ಲ.

ಈ ನಡುವ ಫೋನಿನ್ಯಾಗ ಜಾಹೀರಾತು ಬರ್ತಾವ. ಸಿಗರೇಟ್ ಹಚ್ಚೂ ಪ್ಲಗ್ಗಿಗೆ ಹಚ್ಚೂ ಕೈಯಾಗಿನ ಎಸಿ, 1,500 ರೂಪಾಯಿ. ನನ್ನ ನೆಗೆಣ್ಣಿ ತರಸ್ಯಾಳ. ಒಂದು ಸಣ್ಣ ಫ್ಯಾನು, ಅದರ ಮುಂದ ನೀರಿನ ಸ್ಪಂಜು. ಕಿಟಕಿ ಮುಚ್ಚಿದ ಕಾರಿನ್ಯಾಗ ಅದು ಪಸಿ ತುಂಬಿ ಮತ್ತಷ್ಟು ಬೆವರಸ್ತದ. ಅದರ ಸುದ್ದಿ ಬಿಡ್ರಿ.

ಎಲ್ಲಾರೂ ಓಡಿ ಹೋಗಿ ಹಾಕಿಸ್ರಿ ಅಂತ ನಾ ಅನ್ನೂದಿಲ್ಲ. ಎಸಿ ಇಲ್ಲದೇ ಕುದಿಯೂ ಎಂಜಿನ್ ಇದ್ರ ಮೊದಲು ಅದನ್ನ ರಿಪೇರಿ ಮಾಡಸ್ರಿ. ಹದಿನೈದು ವರ್ಷ ತುಂಬಲಿಕ್ಕೆ ಬಂದ ಗಾಡಿ ಇದ್ರ ಆರ್‌ಸಿ ಮುಂದ ಐದು ವರ್ಷಕ್ಕ ರಿನೀವ್ ಆಗ್ತದೋ ಇಲ್ಲೋ ಮೊದಲು ನೋಡ್ರಿ, ಆಮ್ಯಾಲೆ ರೊಕ್ಕ ಸುರೀರಿ. ವಾರಂಟಿ ಇನ್ನೂ ಇದ್ದ ಕಾರಿದ್ರ ಶೋರೂಮಿನವರನ್ನ ಕೇಳದ ವೈರ್ ಮುಟ್ಟಬ್ಯಾಡ್ರಿ. ವರ್ಷಕ್ಕ ಎರಡು ಸಲ ಜಾತ್ರಿಗೆ ಹೋಗೂ ಕಾರಿಗೆ ಬ್ಯಾಡೇ ಬ್ಯಾಡ, ಆ ರೊಕ್ಕಕ್ಕ ಅಡಗಿ ಮನಿ ಫ್ಯಾನ್ ಹಾಕಸ್ರಿ.

ನಮ್ಮ ಅಕ್ಕನ ಮಗಳು, ಧಾರವಾಡದಾಗ ಎಂಎಸ್ಸಿ ಓದಾಕಿ, ನನ್ನ ಜೋಡಿ ಬ್ಯಾರೆ ಜಗಳ ತಗದ್ಲು. "ಮೌಶಿ, ಎಸಿ ಗ್ಯಾಸಿನಿಂದ್ಲೇ ಭೂಮಿ ಕಾಯ್ತದ. ಆ 134ಎ ಒಂದು ಕಿಲೋ ಗಾಳಿಗೆ ಬಿಟ್ರ 1,430 ಕಿಲೋ ಇಂಗಾಲದ ಹೊಗಿ ಬಿಟ್ಟಂಗ." ಆಕಿ ಹೇಳಿದ್ದು ಖರೆ ಅದ, ನಾ ಇಲ್ಲ ಅನ್ನೂದಿಲ್ಲ. ಅದಕ್ಕೇ ಸೋರದಂಗ ಫಿಟಿಂಗ್ ಮಾಡಸ್ರಿ, ರಿಪೇರಿಗೆ ಬಿಚ್ಚಿದಾಗ ಭುಸ್ ಅಂತ ಗಾಳಿಗೆ ಬಿಡಬ್ಯಾಡ್ರಿ, ಮಷಿನ್ನಿನ್ಯಾಗ ಎಳಕೊಂಡು ಹೊಳ್ಳಿ ತುಂಬೂ ಗ್ಯಾರೇಜಿಗೆ ಹೋಗ್ರಿ. ಆದ್ರ ಭೂಮಿ ಕಾಯ್ಲಿಕ್ಕೆ ಹತ್ಯದ ಅನ್ನೂ ಲೆಕ್ಕಾನ ನಮ್ಮ ಅತ್ತಿಯವರಿಂದ ವಸೂಲಿ ಮಾಡೂದು ಬ್ಯಾಡ. ಹತ್ತು ಹತ್ತು ಕೋಣಿಗೆ ಎಸಿ ಹಚ್ಚಿದ ಮನಿಗಳು ಅವ, ಅಲ್ಲಿಂದ ಶುರು ಮಾಡು ತಂಗಿ ಅಂದೆ. ಆಕಿ ನಕ್ಕು ಎಸಿ ಬಸ್ಸಿನ್ಯಾಗ ಧಾರವಾಡಕ್ಕ ಹೋದ್ಲು.

ಹಾಕಿಸಿದ ಮ್ಯಾಲೆ ಎರಡು ಮಾತು ಮರೀಬ್ಯಾಡ್ರಿ. ಬಿಸಲಾಗ ನಿಂತ ಕಾರು ಹತ್ತಿದ ಕೂಡಲೇ ಕಾಜು ಏರಸಬ್ಯಾಡ್ರಿ, ಎರಡು ನಿಮಿಷ ನಾಕೂ ಇಳಿಸಿ ಒಳಗಿನ ಕಾವು ಹೊರಗ ಹೋಗ್ಲಿ, ಆಮ್ಯಾಲೆ ಏರಿಸಿ ಒಳಗಿನ ಗಾಳೀನೇ ತಿರಗಸೂ ಬಟನ್ ಒತ್ರಿ. ಮತ್ತ ನಿಂತ ಕಾರಿನ್ಯಾಗ ಎಸಿ ಹಚ್ಚಿ, ಕಾಜು ಏರಿಸಿ ಯಾರೂ ಮಲಗಬ್ಯಾಡ್ರಿ, ಎಂಜಿನ್ನಿನ ಹೊಗಿ ಒಳಗ ಬಂದ್ರ ವಾಸನಿನೂ ತಿಳಿಯೂದಿಲ್ಲ, ಎಚ್ಚರಾನೂ ಆಗೂದಿಲ್ಲ.

ಇನ್ನೊಂದು ಜಗಳ ಉಳದದ. ಎಸಿ ಬಂತು, ತಂಪು ಬಂತು, ಆದ್ರ ಇಂಥಾ ಸಣ್ಣ ಕಾರಿನ್ಯಾಗ ಗಾಳಿ ಕಿಂಡಿ ಇರೂದು ಮುಂದ ಅಷ್ಟೇ. ಮುಂದ ಕೂತವರ ಗಲ್ಲಕ್ಕ ನೆಟ್ಟಗ ಥಂಡಿ, ಹಿಂದ ಮುಟ್ಟೂದ್ರಾಗ ಹತ್ತು ಹದಿನೈದು ನಿಮಿಷ. ಮೊದಲನೇ ಮಂಗಳವಾರ ಏನಾತು ಅಂದ್ರ, ಭಾವನವರು ಮುಂಜಾನೆ ತಯಾರಾಗಿ ಬಂದು "ನಾನೂ ವಿಜಯಪುರಕ್ಕ ಬರ್ತೀನಿ, ತಹಶೀಲ್ದಾರ್ ಆಫೀಸಿನ ಕೆಲಸ ಅದ" ಅಂದು ಮುಂದಿನ ಬಾಗಲಾ ತಗದ್ರು. ನಾ ಅಂದೆ, "ಭಾವಾರ, ಅತ್ತಿಯವರು ಮುಂದ ಕೂಡ್ತಾರ. ನೀವು ಹಿಂದ ಬರ್ರಿ, ನಡುವ ನನ್ನ ಚೀಲ ಇಡೂಣು." ಒಂದು ಗಳಿಗಿ ನಿಂತ್ರು, ಆಮ್ಯಾಲೆ ಹಿಂದ ಕೂತ್ರು. ಈಗ ನಾಕು ತಿಂಗಳಾತು, ಅತ್ತಿಯವರ ಸೀಟು ಮುಂದಿಂದೇ. ಹೋಗೂ ಮುಂದ ಕಿಂಡಿ ಬಾಯಿ ಸ್ವಲ್ಪ ಮ್ಯಾಲೆ ತಿರುವಿ ಕೊಡ್ತೀನಿ, ನೆಟ್ಟಗ ಎದಿಗೆ ಬಡೀಬಾರದು. ಶಾಲು ಒಂದು ತೊಡಿ ಮ್ಯಾಲೆ. ಬಾಟ್ಲ್ಯಾಗಿನ ನೀರು ಮನಿಗೆ ಬಂದ ಮ್ಯಾಲೂ ಗೆರಿ ತನಕ ಉಳದಿರ್ತದ.